ಜಿನ್ನಿನ ಅಂಗಳದ ತರ್ಕ

ಗುಂತಕಲ್ಲಿನಿಂದ ರಾಯಚೂರಿಗೆ ಹೋಗುವ ರೈಲುದಾರಿಯಲ್ಲಿ ಆದವಾನಿಯನ್ನು ದಾಟಿದ ಪ್ರಯಾಣಿಕನಿಗೆ, ಎರೆಹೊಲಗಳ ಕಪ್ಪು ಬಯಲೂ ಹುಲ್ಲುಕಡ್ಡಿಯಿಲ್ಲದ ಕಲ್ಲುಗುಡ್ಡಗಳೂ ಸರದಿಯಂತೆ ಕಾಣಿಸಿಕೊಳ್ಳುತ್ತ, ಆ ಗುಡ್ಡಗಳ ಬುಡವನ್ನೇ ಆಶ್ರಯಿಸಿ ನಿಂತ ಒಂದು ಊರು ಎದುರಾಗುತ್ತದೆ, ಅದೇ ಕೋಸಗಿ. ಊರಿನ ಬಳಿಯಲ್ಲಿ ‘ಅಕ್ಕತಂಗಿಯರು’ ಎಂದು ಜನರು ಕರೆಯುವ ಬಂಡೆಗಳ ಜೋಡಿಯೊಂದಿದೆ. ನಾನು ಹುಟ್ಟಿದಾಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ನಮ್ಮ ಊರು, ೧೯೫೩ರ ಅಕ್ಟೋಬರ್ ೧ರಂದು ಆದವಾನಿ ತಾಲ್ಲೂಕಿನೊಡನೆ ಆಂಧ್ರ ರಾಜ್ಯದ ಕರ್ನೂಲು ಜಿಲ್ಲೆಗೆ ಸಂದಿತು. ಬಳ್ಳಾರಿಯು ಮೈಸೂರಿಗೆ ಸೇರಿತು. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ದಖನಿ ಉರ್ದು ಎಂಬ ವ್ಯವಸ್ಥೆ ಅದಕ್ಕೆ ಮೊದಲೂ ಇದ್ದುದೇ ಆದಕಾರಣ ನಮ್ಮ ದಿನಚರಿಗೆ ಅದರಿಂದ ಹೇಳಿಕೊಳ್ಳುವಂಥ ಭಂಗವೇನೂ ಬರಲಿಲ್ಲ. ಈ ಮೂರು ಭಾಷೆಯವರೂ ಸಮಾನವಾಗಿ ಕಿವಿಗೊಡುತ್ತಿದ್ದ ನಾಲ್ಕನೆಯ ಧ್ವನಿಯೊಂದು ಊರಿನಲ್ಲಿದ್ದಿತು. ಅದು ಊರಂಚಿನ ಹತ್ತಿ ಜಿನ್ನಿನ ಇಂಜಿನ್ನಿನದು.

ಹಿಂಗಾರಿಗೆ ಬಿತ್ತಿದ ಹತ್ತಿಯು ಬೇಸಗೆಯ ಆರಂಭದಲ್ಲಿ ಬಿಡಿಸಿಕೊಂಡು ಬಂಡಿಗಳಲ್ಲಿ ಬರತೊಡಗಿದರೆ—ವ್ಯಾಪಾರಸ್ಥರು ನಮ್ಮ ಸೀಮೆಯ ಗಿಡ್ಡ ಎಳೆಯ ಹತ್ತಿಯನ್ನು ‘ವೆಸ್ಟರ್ನ್ಸ್’ ಎಂಬ ಹೆಸರಿನಿಂದ ಮುಂಬಯಿಯವರೆಗೆ ಮಾರುತ್ತಿದ್ದರು—ಆ ಇಂಜಿನ್ನು ಹಗಲಿರುಳು ನಡೆಯುತ್ತಿದ್ದಿತು. ಅರಳೆಯಿಂದ ಬೀಜವನ್ನು ಬೇರ್ಪಡಿಸುವ ರೋಲರು ಯಂತ್ರಗಳು ಇಂಗ್ಲೆಂಡಿನ ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್ ಕಂಪನಿಯವು. ಅವುಗಳನ್ನೆಲ್ಲ ಒಂದೇ ಉದ್ದನೆಯ ಶಾಫ್ಟಿನಿಂದಲೂ ಚರ್ಮದ ಪಟ್ಟಿಗಳಿಂದಲೂ ತಿರುಗಿಸುತ್ತಿದ್ದ ಆಯಿಲ್ ಇಂಜಿನ್ನು ಲಿಂಕನ್ ಪಟ್ಟಣದ ರಸ್ಟನ್ ಕಂಪನಿಯದು. ಅದರ ಗಾಲಿ ಆಳೆತ್ತರ. ಆ ಇಂಜಿನ್ನಿನ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿದ್ದವನನ್ನು ಊರೆಲ್ಲ ‘ದೊಡ್ಡ ಮೇಸ್ತ್ರಿ’ ಎಂದೇ ಕರೆಯುತ್ತಿದ್ದಿತು. ಆದವಾನಿಯ ಹತ್ತಿ ಪ್ರೆಸ್ಸಿನಲ್ಲಿ ಹುಡುಗನಾಗಿ ಎಣ್ಣೆ ಹಾಕುವ ಕೆಲಸಕ್ಕೆ ಸೇರಿ, ಉಗಿಯ ಇಂಜಿನ್ನುಗಳ ಕಾಲವನ್ನು ಕಂಡು, ಅಲ್ಲಿಂದ ಆಯಿಲ್ ಇಂಜಿನ್ನಿಗೆ ಬಂದವನು ಆತ. ಇಂಗ್ಲಿಷಿನಲ್ಲಿ ಒಂದಕ್ಷರವನ್ನೂ ಓದಲಾರನಾದರೂ ನಟ್ಟು ಬಿಗಿಯುವ ಪಾನಗಳ ಮೈಮೇಲೆ ಕೆತ್ತಿದ ಅಂಕಗಳನ್ನು ಬೆರಳ ತುದಿಯಿಂದಲೇ ಓದಬಲ್ಲವನಾಗಿದ್ದನು. ರಾತ್ರಿ ಮನೆಯಲ್ಲಿ ಮಲಗಿದ್ದವನು ಇಂಜಿನ್ನಿನ ಸಪ್ಪಳದಲ್ಲಿ ಸ್ವಲ್ಪ ಏರುಪೇರಾದರೂ ಎದ್ದು ಹೊರಟುಬಿಡುತ್ತಾನೆಂಬ ಮಾತು ಊರಿನಲ್ಲಿ ಪ್ರಚಲಿತವಾಗಿದ್ದಿತು. ಅದು ಉತ್ಪ್ರೇಕ್ಷೆಯಿರಬಹುದು, ಆದರೆ ಆ ಉತ್ಪ್ರೇಕ್ಷೆಯನ್ನು ಬೇರೆ ಯಾರ ಮೇಲೂ ಹೊರಿಸಲು ಜನರಿಗೆ ಮನಸ್ಸಾಗುತ್ತಿರಲಿಲ್ಲ.

ಇಂಥ ಊರಿಗೆ ೧೯೫೬ರಲ್ಲಿ ಒಂದು ಎಂ.ಜಿ. ಕಾರು ಬಂದಿತು. ಜಿನ್ನಿನ ಮಾಲೀಕರ ಕಿರಿಯ ಮಗನು ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಕಾಲದಲ್ಲಿ, ಮದರಾಸಿಗೆ ಹತ್ತಿರದ ಶೋಲಾವರಂನಲ್ಲಿ, ಯುದ್ಧಕಾಲಕ್ಕೆಂದು ಕಟ್ಟಿ ಆಮೇಲೆ ಹಾಳುಬಿದ್ದಿದ್ದ ವಿಮಾನ ನೆಲೆಯ ಮೇಲೆ ನಡೆಯುತ್ತಿದ್ದ ಮೋಟಾರು ಪಂದ್ಯಗಳ ರುಚಿಯನ್ನು ಹತ್ತಿಸಿಕೊಂಡು, ಸ್ವದೇಶಕ್ಕೆ ಹಿಂದಿರುಗುತ್ತಿದ್ದ ಆಂಗ್ಲ ಅಧಿಕಾರಿಯೊಬ್ಬನಿಂದ ಅದನ್ನು ಕೊಂಡು ತಂದಿದ್ದನು. ಟಿ.ಸಿ. ಎಂಬುದು ಅದರ ಮಾದರಿ. ಆಕ್ಸ್‌ಫರ್ಡಿನ ಮೋರಿಸ್ ಗ್ಯಾರೇಜಸ್ ಎಂಬ ಮಳಿಗೆಯ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್ ಎಂಬಾತನು ಸಾಧಾರಣ ಮೋರಿಸ್ ಕಾರುಗಳಿಗೆ ಚೆಲುವಾದ ಮೈಯನ್ನೂ ಚುರುಕಾದ ನಡಿಗೆಯನ್ನೂ ಕೊಟ್ಟು ಮಾರಲಾರಂಭಿಸಿದುದೇ ಈ ವಂಶದ ಮೂಲ. ಮಳಿಗೆಯ ಹೆಸರಿನ ಮೊದಲಕ್ಷರಗಳೇ ಕಾರಿನ ಹೆಸರಾದವು. ಅಬಿಂಗ್ಡನ್ನಿನ ಕಾರ್ಖಾನೆಯಲ್ಲಿ ೧೯೪೫ರಿಂದ ೧೯೪೯ರವರೆಗೆ ಸುಮಾರು ೧೦,೦೦೦ ಟಿ.ಸಿ.ಗಳು ತಯಾರಾದವು. ಕಿಂಬರನಿಗೆ ಅವುಗಳಲ್ಲೊಂದನ್ನೂ ಕಾಣುವ ಯೋಗವಿರಲಿಲ್ಲ. ೧೯೪೫ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ನಡೆದ ರೈಲು ಅಪಘಾತದಲ್ಲಿ ಆತನು ತೀರಿಕೊಂಡನು.

ಇಬ್ಬರು ಮಾತ್ರವೇ ಕುಳಿತುಕೊಳ್ಳಬಹುದಾದ, ಮೇಲೆ ಬಟ್ಟೆಯ ಹೊದಿಕೆಯಲ್ಲದೆ ಬೇರೆ ಮಾಡಿಲ್ಲದ, ಬಂಡಿಯ ಗಾಲಿಯಂಥ ಕಂಬಿಗಳುಳ್ಳ ೧೯ ಅಂಗುಲದ ಚಕ್ರಗಳ ಮೇಲೆ ನಿಂತು, ಬೆನ್ನಿಗೆ ಚಪ್ಪಟೆಯಾದ ಪೆಟ್ರೋಲ್ ಟ್ಯಾಂಕನ್ನೂ ಅದರ ಮೇಲೆ ಸ್ಟೆಪ್ನಿಯನ್ನೂ ಕಟ್ಟಿಕೊಂಡ ಆ ಕಡುಹಸಿರು ವಾಹನವನ್ನು ಕೋಸಗಿಯವರು ‘ಬೋಳು ಕಾರು’ ಎಂದು ಕರೆದರು. ಇಷ್ಟು ಹಣ ಕೊಟ್ಟು ಕೊಂಡದ್ದರ ಮೇಲೆ ಮುಚ್ಚಳವೇ ಇಲ್ಲವಲ್ಲ ಎಂಬ ವ್ಯಥೆ ಊರಿನ ಹೆಂಗಸರಲ್ಲಿ ಬಹುಕಾಲ ಉಳಿದಿದ್ದಿತು.

ಎರೆಭೂಮಿಯ ರಸ್ತೆಯು ಮಳೆಗಾಲದಲ್ಲಿ ಎತ್ತಿನ ಬಂಡಿಯನ್ನೇ ಅಚ್ಚಿನವರೆಗೆ ನುಂಗುವಂಥದು. ಆದುದರಿಂದ ಮೊದಲ ಮಳೆ ಬೀಳುತ್ತಲೂ ಕಾರನ್ನು ಜಿನ್ನಿನ ಹಿಂದಿನ ಷೆಡ್ಡಿನಲ್ಲಿ, ಅರಳೆಯ ಮೂಟೆಗಳ ಪಕ್ಕದಲ್ಲಿ, ಗೋಣಿತಟ್ಟು ಹೊದಿಸಿ ನಿಲ್ಲಿಸಲಾಯಿತು. ಮರುವರ್ಷ ಬೇಸಗೆಯಲ್ಲಿ ಹೊರಗೆ ದೂಡಿ ತಂದು ನೋಡಿದರೆ ಅದು ಚಾಲೂ ಆಗಲೊಲ್ಲದು. ಕೀಲಿ ತಿರುಗಿಸಿ ಸೆಲ್ಫಿನ ಗುಂಡಿಯನ್ನು ಎಳೆದರೆ ಇಂಜಿನ್ನು ಗರಗರನೆ ತಿರುಗುವುದು, ಆದರೆ ಹಿಡಿಯದು. ಸಣ್ಣ ಧಣಿಯು ಗಿಂಡಿಯಲ್ಲಿ ಕಲಿತ ವಿದ್ಯೆಯನ್ನೆಲ್ಲ ಬಳಸಿದನು. ಕಾಯಿಲಿನಿಂದ ಬರುವ ದಪ್ಪ ತಂತಿಯನ್ನು ಕಿತ್ತು ಇಂಜಿನ್ನಿನ ಮೈಗೆ ಹತ್ತಿರ ಹಿಡಿದು, ಕಿಡಿಯು ಚಟಚಟನೆ ಹಾರಿದುದನ್ನು ನೆರೆದವರಿಗೆಲ್ಲ ತೋರಿಸಿ, “ಕರೆಂಟು ಸರಿಯಾಗಿದೆ, ದೋಷವಿರುವುದು ಪೆಟ್ರೋಲಿನ ಕಡೆ” ಎಂದು ನಿರ್ಣಯಿಸಿ, ಎರಡು ಕಾರ್ಬೊರೇಟರುಗಳನ್ನೂ ಬಿಚ್ಚಿ ಹರಡಿದನು. ಅದರಿಂದ ಪ್ರಯೋಜನವಾಗದಿರಲು ಆದವಾನಿಯಿಂದ ಲಾರಿ ಮೆಕ್ಯಾನಿಕ್ಕೊಬ್ಬನನ್ನು ಕರೆಸಿದರು. ಆತನು ಕಾರ್ಬೊರೇಟರು ಸರಿಯಿದೆ, ಟೈಮಿಂಗ್ ತಪ್ಪಿದೆ ಎಂದು ಡಿಸ್ಟ್ರಿಬ್ಯೂಟರನ್ನು ಅತ್ತಿತ್ತ ತಿರುಗಿಸಿ, ಪ್ಲಗ್ಗಿನ ತಂತಿಗಳನ್ನೆಲ್ಲ ಒಮ್ಮೆಗೇ ಕಿತ್ತು ಒರೆಸಿ ಮತ್ತೆ ಸಿಕ್ಕಿಸಿದನು. ಆಮೇಲೆ ಹ್ಯಾಂಡಲು ಹೊಡೆದಾಗ ಕಾರ್ಬೊರೇಟರಿನ ಬಾಯಿಂದ ಢಮಾರೆಂಬ ಶಬ್ದವೂ ಗೇಣುದ್ದದ ಜ್ವಾಲೆಯೂ ಹೊರಟು, ಹ್ಯಾಂಡಲು ಹಿಮ್ಮುಖವಾಗಿ ಒದೆದು, ಆ ಬಡಪಾಯಿಯ ಮಣಿಕಟ್ಟು ಊದಿಕೊಂಡಿತು. ಹುಡುಗರಾದ ನಮಗೆ ಅದಕ್ಕಿಂತ ದೊಡ್ಡ ಉತ್ಸವ ಬೇರೊಂದಿರಲಿಲ್ಲ.

ಆ ಮೆಕ್ಯಾನಿಕ್ಕಿಗೆ ಇನ್ನೊಂದು ಕಷ್ಟವೂ ಎದುರಾಯಿತು. ಆತನ ಚೀಲದಲ್ಲಿದ್ದುದು ಡಾಜ್, ಷೆವ್ರೊಲೆ ಮೊದಲಾದ ಅಮೆರಿಕದ ಲಾರಿಗಳ ಪಾನಗಳು. ನಟ್ಟಿನ ಒಂದು ಪಕ್ಕದಿಂದ ಎದುರು ಪಕ್ಕಕ್ಕೆ ಇರುವ ಅಗಲವೇ ಅವುಗಳ ಅಳತೆ. ಈ ಕಾರಿನ ನಟ್ಟುಗಳಲ್ಲಿ ಅವು ಒಂದೋ ಕೂರಲೊಲ್ಲವು, ಇಲ್ಲವೇ ಜಾರಿ ಮೂಲೆಗಳನ್ನು ಸವೆಸುವುವು. ಜಿನ್ನಿನಿಂದ ತಂದ ಪಾನಗಳಾದರೋ ಅಚ್ಚುಕಟ್ಟಾಗಿ ಕುಳಿತವು. ಏಕೆಂದರೆ ರಸ್ಟನ್ ಇಂಜಿನ್ನಿನದೂ ಈ ಕಾರಿನದೂ ನಟ್ಟಿನ ತಲೆಯು ವಿಟ್‌ವರ್ತ್ ಎಂಬ ಹಳೆಯ ಇಂಗ್ಲಿಷ್ ಅಳತೆಯದು. ಆದರೆ ಇಲ್ಲಿಯೂ ಒಂದು ವೈಚಿತ್ರ್ಯವಿದ್ದಿತು. ಕಳೆದುಹೋದ ಒಂದು ನಟ್ಟಿಗೆ ಬದಲಾಗಿ ಜಿನ್ನಿನ ಡಬ್ಬಿಯಲ್ಲಿದ್ದ ಅದೇ ಗಾತ್ರದ ನಟ್ಟನ್ನು ಹಾಕಹೋದರೆ ಅದು ಒಂದು ಸುತ್ತಿಗಿಂತ ಹೆಚ್ಚಿಗೆ ಏರದು. ಪಾನ ಒಪ್ಪಿದ ಮೇಲೆ ನಟ್ಟಿನ ಒಳಗಿನ ತಿರುಪು, ಎಂದರೆ ಮರೆ, ಏಕೆ ಒಪ್ಪದು? ಇದರ ಕಾರಣವನ್ನು ನಾನು ತಿಳಿದುದು ಬಹುಕಾಲದ ಮೇಲೆ. ಮೋರಿಸ್ ಕಂಪನಿಯು ೧೯೨೩ರಲ್ಲಿ ಕೊವೆಂಟ್ರಿಯಲ್ಲಿ ಕೊಂಡ ಇಂಜಿನ್ ಕಾರ್ಖಾನೆಯು ಮೂಲತಃ ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆಯದು. ಅಲ್ಲಿಯ ಯಂತ್ರಗಳೆಲ್ಲ ಮೆಟ್ರಿಕ್ ಮರೆಯನ್ನು ಕೊರೆಯುವಂಥವು. ಅವುಗಳನ್ನು ಬಿಸಾಡುವುದಕ್ಕೆ ಮನಸ್ಸು ಬಾರದೆ, ಇಂಗ್ಲೆಂಡಿನ ಮೆಕ್ಯಾನಿಕ್ಕುಗಳ ಪಾನಗಳನ್ನು ಬದಲಾಯಿಸುವುದೂ ಸಾಧ್ಯವಾಗದೆ, ಒಳಗೆ ಫ್ರೆಂಚರ ಮರೆ, ಹೊರಗೆ ಆಂಗ್ಲರ ತಲೆ ಎಂಬ ರಾಜಿಯನ್ನು ಮಾಡಿಕೊಂಡರು. ಆ ರಾಜಿಯು ಈ ಟಿ.ಸಿ.ಯ ೧,೨೫೦ ಸಿ.ಸಿ. ಇಂಜಿನ್ನಿನವರೆಗೂ ನಡೆದುಬಂದಿತು. ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯನ್ನಿಟ್ಟುಕೊಂಡು ಬದುಕುತ್ತಿದ್ದ ನಮ್ಮ ತಾಲ್ಲೂಕಿನವರಿಗೆ ಇದರಲ್ಲಿ ಆಶ್ಚರ್ಯಪಡುವುದಕ್ಕೆ ಏನೂ ಇರಲಿಲ್ಲವೆಂದು ಈಗ ತೋರುತ್ತದೆ.

ದೊಡ್ಡ ಮೇಸ್ತ್ರಿಯು ಇದಾವುದರಲ್ಲಿಯೂ ತಲೆಹಾಕಿರಲಿಲ್ಲ. ಕರೆಯದ ಕಡೆಗೆ ಹೋಗುವ ಸ್ವಭಾವ ಆತನದಲ್ಲ. ಸಣ್ಣ ಧಣಿಗೆ, ಓದುಬರಹವಿಲ್ಲದ ಇಂಜಿನ್ ಡ್ರೈವರನನ್ನು ಕೇಳಲು ಸಂಕೋಚ. ಕೊನೆಗೆ ಜಿನ್ನಿಗೆ ರಜೆಯಿದ್ದ ಒಂದು ಸಾಯಂಕಾಲ ಮಾಲೀಕರೇ ಹೇಳಿಕಳುಹಿಸಿದರು. ಆ ಹೊತ್ತಿಗೆ ನಮ್ಮ ತಂದೆಯವರೂ ಅಲ್ಲಿದ್ದರು. ತುಂಗಭದ್ರೆಯ ದಡದ ಮಂತ್ರಾಲಯದಲ್ಲಿ ಕೆಲಕಾಲವಿದ್ದು ಶಾಸ್ತ್ರಾಭ್ಯಾಸ ಮಾಡಿ, ಮನೆಯಲ್ಲಿ ನನ್ನಂಥ ನಾಲ್ಕಾರು ಹುಡುಗರಿಗೆ ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠ ಹೇಳುತ್ತಿದ್ದ ಅವರಿಗೆ ಮೋಟಾರಿನ ವಿಷಯದಲ್ಲಿ ಯಾವ ಆಸಕ್ತಿಯೂ ಇರಲಿಲ್ಲ; ಮಾಲೀಕರ ಮನೆಯ ಶುಭಕಾರ್ಯವೊಂದಕ್ಕೆ ಮುಹೂರ್ತ ನೋಡಿಕೊಟ್ಟು ಹಿಂದಿರುಗುತ್ತಿದ್ದವರು, ಜನರ ಗುಂಪನ್ನು ಕಂಡು ನಿಂತು, ಯಾರೋ ತಂದಿಟ್ಟ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಮೇಸ್ತ್ರಿ ಬಂದವನೇ ಕಾರನ್ನು ಮುಟ್ಟಲಿಲ್ಲ. “ಮಳಿಗಾಲಕ್ಕ ನಿಲ್ಲಿಸಿದಾಗ ಸರಿಯಿತ್ತೇನ್ರಿ?” ಎಂದು ಕೇಳಿದನು. ಸರಿಯಾಗಿದ್ದಿತೆಂದು ಸಣ್ಣ ಧಣಿ ಹೇಳಿದನು. “ಆಮ್ಯಾಲ ಏನೇನು ಬಿಚ್ಚೀರಿ, ಒಂದೂ ಬಿಡದಂಗ ಹೇಳ್ರಿ.” ಹೇಳುತ್ತ ಹೋದಂತೆ ಪಟ್ಟಿ ಉದ್ದವಾಯಿತು. ಮೇಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದನು: “ಮೊದಲು ಇದ್ದ ರೋಗ ಒಂದೋ ಎರಡೋ ಇದ್ದಾವು, ಸಣ್ಣ ಧಣಿ. ಉಳಿದವು ನಾವು ಕೊಟ್ಟವು. ಕೊಟ್ಟವನ್ನ ಮೊದಲು ತಗೊಂಬರೋಣು. ಅವು ಇರೋತನಕ ಮೂಲದ್ದು ಮಾರಿ ತೋರಿಸಂಗಿಲ್ಲ.”

ಆ ಮಾತಿನ ಗೌರವವು ಆಗ ನನಗೆ ತಿಳಿಯಲಿಲ್ಲ. ವಸ್ತುವಿನಲ್ಲಿ ಸಹಜವಾಗಿ ಹುಟ್ಟಿದ ದೋಷವು ಬಹುಮಟ್ಟಿಗೆ ಚಿಕ್ಕದಾಗಿಯೂ ಒಂಟಿಯಾಗಿಯೂ ಇರುವುದು; ಅದನ್ನು ಹುಡುಕುವವರ ಆತುರವೇ ಅದಕ್ಕೆ ಸಂತಾನವನ್ನು ಕೊಡುವುದು. ಸಂಶಯಪಡುವುದು ಯಾರಿಗೂ ಕಷ್ಟವಲ್ಲ; ಒಂದಾದಮೇಲೊಂದರಂತೆ, ಹಿಂದಿನದು ಇತ್ಯರ್ಥವಾಗುವವರೆಗೆ ಮುಂದಿನದನ್ನು ಎತ್ತದಂತೆ ಸಂಶಯಪಡುವುದಕ್ಕೆ ಮಾತ್ರ ಒಂದು ಬಗೆಯ ಇಂದ್ರಿಯನಿಗ್ರಹವೇ ಬೇಕು. ಗಿಂಡಿಯ ಪದವೀಧರನಲ್ಲಿ ಯಂತ್ರದ ಜ್ಞಾನವು ಮೇಸ್ತ್ರಿಗಿಂತ ಹೆಚ್ಚಾಗಿಯೇ ಇದ್ದಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮೇಸ್ತ್ರಿ ಆ ಜಾತಿಯ ಕಾರನ್ನು ಅದಕ್ಕೆ ಮುಂಚೆ ಬಾನೆಟ್ಟು ಎತ್ತಿ ನೋಡಿದವನೇ ಅಲ್ಲ.

ಪ್ಲಗ್ಗುಗಳನ್ನು ಬಿಚ್ಚಿಸಿದನು. ಮೊದಲನೆಯ ಸಿಲಿಂಡರಿನ ತೂತಿಗೆ ತನ್ನ ಹೆಬ್ಬೆರಳನ್ನೊತ್ತಿ, ಜಿನ್ನಿನ ಹುಡುಗನೊಬ್ಬನಿಗೆ ಹ್ಯಾಂಡಲನ್ನು ಮೆಲ್ಲಗೆ ತಿರುವಲು ಹೇಳಿದನು. ಗಾಳಿಯು ಹೆಬ್ಬೆರಳನ್ನು ತಳ್ಳಿಕೊಂಡು ಪುಸ್ಸೆಂದು ಹೊರಬಿದ್ದ ಕ್ಷಣದಲ್ಲಿ “ಸಾಕು” ಎಂದನು. ಅಲ್ಲಿಂದ ಕೂದಲೆಳೆಯಷ್ಟು ಮುಂದಕ್ಕೆ ತಂದು ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ರೋಟರಿನ ಹಿತ್ತಾಳೆಯ ಮೂತಿ ಎತ್ತ ನೋಡುತ್ತಿದೆಯೆಂಬುದನ್ನು ಗುರುತುಹಾಕಿಕೊಂಡನು. ಆ ದಿಕ್ಕಿನ ತಂತಿಯು ಮೊದಲನೆಯ ಪ್ಲಗ್ಗಿಗೆ ಹೋಗಬೇಕು, ಹೋಗಿದ್ದುದು ಮೂರನೆಯದಕ್ಕೆ. ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಸಿಡಿಯಬೇಕಾದ ಇಂಜಿನ್ನಿಗೆ ತಂತಿಗಳನ್ನು ಅಡ್ಡಾದಿಡ್ಡಿಯಾಗಿ ಸಿಕ್ಕಿಸಿದ್ದರಿಂದಲೇ ಅದು ಬಾಯಲ್ಲಿ ಬೆಂಕಿ ಉಗುಳಿದ್ದಿತು. ತಂತಿಗಳು ಸ್ವಸ್ಥಾನಕ್ಕೆ ಬಂದವು. ಟೈಮಿಂಗನ್ನು ಹಳೆಯ ಗೀರು ಗುರುತಿಗೆ ಕೂಡಿಸಿದ್ದಾಯಿತು. ಇಷ್ಟು ಹೊತ್ತೂ ಆತನು ಕಾರನ್ನು ರಿಪೇರಿ ಮಾಡುವ ಕೆಲಸವನ್ನು ಆರಂಭಿಸಿಯೇ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಆಮೇಲೆ ಎಲ್ಲರೂ ಸುಮ್ಮನಿರುವಂತೆ ಕೈಮಾಡಿ, ಕೀಲಿಯನ್ನು ಮಾತ್ರ ತಿರುಗಿಸಲು ಹೇಳಿದನು. ಏನೂ ಕೇಳಿಸಲಿಲ್ಲ. ಇಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ಬಿಗಿದಿದ್ದ ಮುಷ್ಟಿಗಾತ್ರದ ಉರುಳೆಯೊಂದನ್ನು ತೋರಿಸಿ ಅದೇನೆಂದು ಸಣ್ಣ ಧಣಿಯನ್ನು ಕೇಳಿದನು. ಅದು ಎಸ್.ಯು. ಕಂಪನಿಯ ವಿದ್ಯುತ್ ಪಂಪು. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಕಾರ್ಬೊರೇಟರಿಗೆ ಕೊಡುವಂಥದು. ಒಳಗೆ ಒಂದು ಸುರುಳಿಯೂ ಒಂದು ಪೊರೆಯೂ ಇದ್ದು, ಸುರುಳಿಗೆ ಕರೆಂಟು ಬಂದಾಗ ಪೊರೆ ಹಿಂದಕ್ಕೆ ಸರಿದು ಪೆಟ್ರೋಲನ್ನು ಹೀರಿಕೊಳ್ಳುವುದು, ಸರಿದ ಪೊರೆಯೇ ಪಾಯಿಂಟನ್ನು ಬಿಡಿಸಿ ಕರೆಂಟನ್ನು ಕಡಿದುಬಿಡುವುದು, ಆಗ ಸ್ಪ್ರಿಂಗು ಪೊರೆಯನ್ನು ಮುಂದಕ್ಕೆ ನೂಕಿ ಪೆಟ್ರೋಲನ್ನು ತಳ್ಳುವುದು. ಹೀಗೆ ಪ್ರತಿ ಸಲವೂ ಒಂದು ‘ಟಿಕ್’. ಧಣಿಯ ವಿವರಣೆಯನ್ನು ಮೇಸ್ತ್ರಿ ಬಹಳ ಶ್ರದ್ಧೆಯಿಂದ ಕೇಳಿದನು. ನಡುವೆ ತಡೆದು ಎರಡು ಪ್ರಶ್ನೆಗಳನ್ನು ಕೇಳಿ ಮತ್ತೆ ಹೇಳಿಸಿಕೊಂಡನು. ಆಮೇಲೆ ಅದರಿಂದ ತಾನು ತೆಗೆದ ಫಲಿತಾರ್ಥವನ್ನು ಹೇಳಿದನು: “ಹಂಗಾದ್ರ ಇದು ಮೂರು ಮಾತು ಬಲ್ಲದು. ಟಿಕ್ ಟಿಕ್ ಅಂದು ನಿಂತ್ರ, ಹೊಟ್ಟಿ ತುಂಬೇತಿ ಅಂತ. ನಿಲ್ಲಲಾರದ ಬಡಕೊಂತನ ಇದ್ರ, ಎಣ್ಣಿ ಇಲ್ಲಾ ಗಾಳಿ ಎಳಿಯಾಕತ್ತೇತಿ ಅಂತ. ಅನ್ನದನ ಇದ್ರ, ತಾನ ಸತ್ತೇತಿ ಅಂತ.”

ಈಗ ಅದು ಏನನ್ನೂ ಅನ್ನುತ್ತಿರಲಿಲ್ಲ. ಪಾನದ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಎರಡು ಸಲ ಟಿಕ್ಕೆಂದು ಮತ್ತೆ ಸುಮ್ಮನಾಯಿತು. ಮೇಸ್ತ್ರಿ ಅದರ ಕಪ್ಪು ಟೋಪಿಯನ್ನು ಬಿಚ್ಚಿದನು. ಒಳಗೆ ಎಳ್ಳಿನ ಕಾಳಿನಷ್ಟಿರುವ ಎರಡು ಪಾಯಿಂಟುಗಳು ಮಳೆಗಾಲದ ತೇವಕ್ಕೂ ಅರಳೆಯ ಧೂಳಿಗೂ ಮಸಿಗಟ್ಟಿದ್ದವು. ಕೈಗೆ ಸಿಕ್ಕಿದ್ದ ಉಪ್ಪುಕಾಗದವನ್ನು ಬದಿಗಿಟ್ಟು—ಅದರ ಮರಳು ಒಳಗೆ ಉಳಿದೀತೆಂಬುದು ಆತನ ಶಂಕೆ—ಗಟ್ಟಿಯಾದ ಕಾಗದವೇನಾದರೂ ಇದೆಯೇ ಎಂದು ಸುತ್ತ ನೋಡಿದನು. ತಂದೆಯವರು ಅಂಗಿಯ ಜೇಬಿನಿಂದ ಒಂದು ಅಂಚೆ ಕಾರ್ಡನ್ನು ತೆಗೆದು, “ಬರಹ ಇಲ್ಲದ ಮೂಲೆ ಮಾತ್ರ ಹರಕೋ, ಮೇಸ್ತ್ರಿ, ಅದಕ್ಕೆ ಉತ್ತರ ಬರೆಯೋದು ಇನ್ನೂ ಬಾಕಿ ಐತಿ” ಎಂದರು. ಆ ಮೂಲೆಯನ್ನು ಪಾಯಿಂಟುಗಳ ನಡುವೆ ತೂರಿಸಿ, ಅವುಗಳನ್ನು ಬೆರಳಿನಿಂದ ಹಗುರವಾಗಿ ಅದುಮಿಕೊಂಡು ಎಳೆದಾಗ ಕಾರ್ಡಿನ ಮೇಲೆ ಕಪ್ಪು ಗೆರೆ ಮೂಡಿತು. ಹೊಸ ಅಂಚಿನಿಂದ ಮತ್ತೆ ಎಳೆದಾಗ ಬೂದುಬಣ್ಣದ್ದು. ಕೊನೆಗೆ ಏನೂ ಮೂಡದಂತಾದ ಮೇಲೆ ಟೋಪಿಯನ್ನು ಮುಚ್ಚಿದನು. ಕೀಲಿ ತಿರುಗಿಸುತ್ತಲೂ ಪಂಪು ಅವಸರವಸರವಾಗಿ ಬಡಿದು, ಬರುಬರುತ್ತ ನಿಧಾನವಾಗಿ, ನಿಂತಿತು. ಕಾರ್ಬೊರೇಟರಿನ ಹತ್ತಿರದ ಪೈಪನ್ನು ಸಡಿಲಿಸಿ ನೋಡಿದರೆ ಪೆಟ್ರೋಲು ಬಂದಿದ್ದಿತು. ಜನರು ಇನ್ನೇನು ಆಯಿತೆಂದು ಚಪ್ಪಾಳೆಗೆ ಸಿದ್ಧರಾದರು. ಸೆಲ್ಫ್ ಎಳೆದರೆ ಇಂಜಿನ್ನು ಹಿಂದಿನಂತೆಯೇ ತಿರುಗಿತಲ್ಲದೆ ಹಿಡಿಯಲಿಲ್ಲ.

ಇಂಥ ಘಳಿಗೆಯಲ್ಲಿಯೇ ಸಾಮಾನ್ಯರಾದವರು ಮತ್ತೆ ಎಲ್ಲವನ್ನೂ ಬಿಚ್ಚಲಾರಂಭಿಸುವುದು. ಮೇಸ್ತ್ರಿ ಬೀಡಿಯೊಂದನ್ನು ಹಚ್ಚಲು ಪೆಟ್ರೋಲಿನ ವಾಸನೆಯಿಂದ ದೂರಕ್ಕೆ, ಬೇವಿನ ಮರದವರೆಗೆ ಹೋಗಿ, ಅದನ್ನು ಪೂರ್ತಿಯಾಗಿ ಸೇದಿ ಹಿಂದಿರುಗಿದನು. ಬಂದು ಒಂದು ಪ್ಲಗ್ಗನ್ನು ಅದರ ತಂತಿಗೆ ಸಿಕ್ಕಿಸಿ ಇಂಜಿನ್ನಿನ ಮೇಲೆ ಅಡ್ಡಲಾಗಿ ಇಟ್ಟು ಹ್ಯಾಂಡಲು ತಿರುವಿಸಿದನು. ಪ್ಲಗ್ಗಿನ ತುದಿಯಲ್ಲಿ ಕಿಡಿಯಿಲ್ಲ. ಸಣ್ಣ ಧಣಿ ನಂಬಲಿಲ್ಲ. ಕಾಯಿಲಿನ ತಂತಿಯಲ್ಲಿ ಕಿಡಿಯನ್ನು ತಾನೇ ತೋರಿಸಿದ್ದನಲ್ಲವೇ? ತಂದೆಯವರಿಗೂ ಅದೇ ಪ್ರಶ್ನೆ ಬಂದಿರಬೇಕು. “ಅಲ್ಲಿ ಬೆಂಕಿ ಇರೋದನ್ನ ಎಲ್ಲರೂ ಕಂಡಾರಲ್ಲ, ಮೇಸ್ತ್ರಿ?” ಎಂದರು.

“ಬಾವ್ಯಾಗ ನೀರು ಐತಿ ಅಂದ್ರ ಮನಿ ಕೊಡಕ್ಕ ಬಂದಂಗಾತೇನ್ರಿ, ಆಚಾರ್ರೆ? ನಡುವೆ ಹಗ್ಗ ಐತಿ, ಗಡಗಡಿ ಐತಿ, ಹೊತ್ತು ತರೋರು ಅದಾರ.”

ತಂದೆಯವರ ಮುಖದಲ್ಲಿ ನಾನು ಪಾಠದ ಹೊತ್ತಿನಲ್ಲಿಯೂ ಅಪರೂಪವಾಗಿ ಕಂಡಿದ್ದ ಒಂದು ಪ್ರಸನ್ನತೆ ಆಗ ಕಾಣಿಸಿತು. ನನ್ನ ಕಡೆಗೆ ತಿರುಗಿ, “ಇದು ಯಾವ ಹೇತ್ವಾಭಾಸ ಹೇಳು” ಎಂದರು. ಅಷ್ಟು ಜನರ ಮುಂದೆ ನನ್ನ ನಾಲಿಗೆ ಏಳಲಿಲ್ಲ, ಅವರೇ ಹೇಳಿದರು—ಸವ್ಯಭಿಚಾರ. ಯಾವ ಹೇತುವು ಸಾಧ್ಯ, ಎಂದರೆ ಸಾಧಿಸಬೇಕಾದುದು, ಇರುವ ಕಡೆಯಲ್ಲಿಯೂ ಇದ್ದು, ಸಾಧ್ಯವಿಲ್ಲದ ಕಡೆಯಲ್ಲಿಯೂ ಇರಬಹುದೋ, ಅದರಿಂದ ಅನುಮಾನ ಮಾಡಕೂಡದು. ಕ್ಷೇಮವಾಗಿರುವ ಕಾರಿನಲ್ಲಿಯೂ ಕಾಯಿಲಿನ ತಂತಿ ಕಿಡಿ ಕೊಡುವುದು, ಕೆಟ್ಟು ನಿಂತ ಕಾರಿನಲ್ಲಿಯೂ ಕೊಡಬಹುದು. ಆದುದರಿಂದ ಆ ಕಿಡಿಯನ್ನು ನೋಡಿ ಪ್ಲಗ್ಗಿನಲ್ಲಿ ಕಿಡಿಯಿದೆಯೆನ್ನುವುದು ಸಲ್ಲದು. ನಮ್ಮ ಪಾಠದ ಪರ್ವತ, ಹೊಗೆ, ಬೆಂಕಿ, ಅಡುಗೆಮನೆ, ಸರೋವರಗಳೆಲ್ಲ ಅಂದಿನವರೆಗೆ ನನಗೆ ಬಾಯಿಪಾಠದ ಸಾಮಗ್ರಿಯಾಗಿದ್ದವೇ ಹೊರತು, ಅವು ಎಂದಾದರೂ ಒಬ್ಬರ ಕೈಯಲ್ಲಿ ಪಾನದಂತೆ ಕೆಲಸ ಮಾಡಬಹುದೆಂದು ನಾನು ಭಾವಿಸಿರಲಿಲ್ಲ.

ಕಾಯಿಲಿಗೂ ಪ್ಲಗ್ಗಿಗೂ ನಡುವೆ ಇದ್ದುದು ಮುಚ್ಚಳ ಮತ್ತು ರೋಟರು. ಮುಚ್ಚಳದಲ್ಲಿ ಬಿರುಕಿರಲಿಲ್ಲ. ರೋಟರೆಂಬುದು ತಲೆಯ ಮೇಲೆ ಹಿತ್ತಾಳೆಯ ಪಟ್ಟಿಯುಳ್ಳ ಹೆಬ್ಬೆರಳಿನ ತುದಿಯಷ್ಟು ಕರಿಯ ಬೇಕಲೈಟಿನ ತುಣುಕು. ಕಾಯಿಲಿನಿಂದ ಬಂದ ಕಿಡಿಯನ್ನು ತಿರುಗುತ್ತ ತಿರುಗುತ್ತ ನಾಲ್ಕು ತಂತಿಗಳಿಗೂ ಹಂಚುವ ಕೆಲಸ ಅದರದು. ನೋಡುವುದಕ್ಕೆ ಅದೂ ಸ್ವಚ್ಛವಾಗಿಯೇ ಇದ್ದಿತು. ಮೇಸ್ತ್ರಿ ಅದನ್ನು ಕೆಳಗಿನ ಕಬ್ಬಿಣದ ಕಡ್ಡಿಯ ಮೇಲೆ ಇದ್ದಂತೆಯೇ ಬಿಟ್ಟು, ಕಾಯಿಲಿನ ತಂತಿಯ ತುದಿಯನ್ನು ಒಣಬಟ್ಟೆಯಲ್ಲಿ ಸುತ್ತಿ ಹಿಡಿದು, ರೋಟರಿನ ಹಿತ್ತಾಳೆಗೆ ಕಾಲಂಗುಲದಷ್ಟು ಮೇಲೆ ಒಡ್ಡಿ, ಇನ್ನೊಂದು ಕೈಯಿಂದ ಕೆಳಗಿನ ಪಾಯಿಂಟನ್ನು ಕಡ್ಡಿಯಿಂದ ಮೀಟಿದನು. ಆ ವೇಳೆಗೆ ಕತ್ತಲಾಗುತ್ತ ಬಂದಿದ್ದಿತು. ತಂತಿಯ ತುದಿಯಿಂದ ಹಿತ್ತಾಳೆಗೆ ನೀಲಿಯ ಕಿಡಿಯೊಂದು ಜಿಗಿಯಿತು. ಮತ್ತೆ ಮೀಟಿದಾಗ ಮತ್ತೆ ಜಿಗಿಯಿತು. ಸಣ್ಣ ಧಣಿ, “ಕಿಡಿ ಬರುತ್ತಿದೆಯಲ್ಲ!” ಎಂದು ಸಂತೋಷಪಟ್ಟನು. ಮೇಸ್ತ್ರಿ ಹೇಳಿದನು, “ಬರಬಾರದಾಗಿತ್ತು.”

ರೋಟರು ಗಟ್ಟಿಯಾಗಿದ್ದರೆ ಆ ಹಿತ್ತಾಳೆಗೆ ಬಿದ್ದ ಕರೆಂಟು ಎಲ್ಲಿಗೂ ಹೋಗಲಾರದು. ಹೋಗಲು ದಾರಿಯಿಲ್ಲದ ಕಡೆಗೆ ಕಿಡಿಯು ಜಿಗಿಯುವುದೂ ಇಲ್ಲ. ಜಿಗಿಯಿತೆಂದರೆ ಒಳಗೊಳಗೇ ಯಾವುದೋ ಕಂಡಿಯಿಂದ ಅದು ಕೆಳಗಿನ ಕಬ್ಬಿಣದ ಕಡ್ಡಿಗೆ ಇಳಿದುಹೋಗುತ್ತಿದೆಯೆಂದೇ ಅರ್ಥ. ಕಿತ್ತು ಲಾಂದ್ರದ ಬೆಳಕಿಗೆ ಹಿಡಿದು ನೋಡಿದಾಗ, ಒಳಮೈಯಲ್ಲಿ ಪೆನ್ಸಿಲಿನಿಂದ ಗೀಚಿದಂಥ ಒಂದು ಸಣ್ಣ ಕರಿಗೆರೆ ಕಾಣಿಸಿತು. ವರ್ಷಗಳ ಶಾಖದಿಂದ ಬಿರಿದ ಕೂದಲಿನಷ್ಟು ಸೀಳಿನಲ್ಲಿ ಕಿಡಿಯು ಹಾದು ಹಾದು ಇದ್ದಿಲಿನ ದಾರಿಯನ್ನೇ ಮಾಡಿಕೊಂಡಿದ್ದಿತು.

ಹೊಸ ರೋಟರಿಗಾಗಿ ಮದರಾಸಿಗೆ ಬರೆಯಬೇಕಾಗಿದ್ದಿತು. ಆ ದಿನಗಳಲ್ಲಿ ವಿದೇಶದ ಮೋಟಾರು ಸಾಮಾನು ಸಿಕ್ಕುವುದು ಸುಲಭವಾಗಿರಲಿಲ್ಲ. ಆದರೆ ಹಿಂದುಸ್ತಾನ್ ಮೋಟಾರ್ಸಿನವರು ಸ್ವಾತಂತ್ರ್ಯದ ಆಸುಪಾಸಿನಲ್ಲಿ ‘ಹಿಂದುಸ್ತಾನ್ ಟೆನ್’ ಎಂಬ ಹೆಸರಿನಿಂದ ಮಾರಿದುದು ಮೋರಿಸ್ ಟೆನ್ ಕಾರನ್ನೇ, ಟಿ.ಸಿ.ಯ ಇಂಜಿನ್ನು ಆ ಮೋರಿಸ್ ಟೆನ್ನಿನ ಇಂಜಿನ್ನಿನಿಂದಲೇ ಬೆಳೆದುಬಂದುದು. ಈ ಬಂಧುತ್ವವು ಸಣ್ಣ ಧಣಿಗೆ ತಿಳಿದಿದ್ದಿತು. ಆದವಾನಿಯ ಹತ್ತಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಅಂಥದೊಂದು ಟೆನ್ನು ಓಡಾಡದೆ ನಿಂತಿರುವುದು ಮೇಸ್ತ್ರಿಗೆ ತಿಳಿದಿದ್ದಿತು. ಪರಸ್ಪರರ ವಿದ್ಯೆಯು ಒಂದಕ್ಕೊಂದು ಕೂಡಿದುದು ಆಗಲೇ ಎಂದು ಹೇಳಬೇಕು. ಮರುದಿನದ ಪ್ಯಾಸೆಂಜರಿನಲ್ಲಿ ಹುಡುಗನೊಬ್ಬನು ಹೋಗಿ ಆ ರೋಟರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ತಂದನು. ಅದನ್ನು ಕೂಡಿಸಿ ಸೆಲ್ಫ್ ಎಳೆದಾಗ ಇಂಜಿನ್ನು ಒಂದೆರಡು ಸಲ ಕೆಮ್ಮಿ, ಹಿಡಿದು, ಜಿನ್ನಿನ ಗೋಡೆಗಳು ಮಾರ್ದನಿಗೊಡುವಂತೆ ಗರ್ಜಿಸಿತು. ಬೇವಿನ ಮರದ ಕಾಗೆಗಳೆಲ್ಲ ಎದ್ದುಹೋದವು. ಮೇಸ್ತ್ರಿ ಮಾತ್ರ ಆ ಗದ್ದಲದಲ್ಲಿ ತಲೆಯನ್ನು ಓರೆಮಾಡಿ ಆಲಿಸಿ, ಹಿಂದಿನ ಕಾರ್ಬೊರೇಟರು ಮುಂದಿನದಕ್ಕಿಂತ ಹೆಚ್ಚಾಗಿ ಉಸಿರೆಳೆಯುತ್ತಿದೆಯೆಂದು ದೂರಿ, ರಬ್ಬರಿನ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಎರಡನ್ನೂ ಸಮನಾಗಿಸುವುದರಲ್ಲಿ ತೊಡಗಿದನು.

ತಂದೆಯವರು ಆಮೇಲಿನ ಪಾಠಗಳಲ್ಲಿ ಅಡುಗೆಮನೆಯ ಹೊಗೆಯನ್ನು ಕೈಬಿಟ್ಟು ರೋಟರಿನ ಕಿಡಿಯನ್ನೇ ಉದಾಹರಿಸುತ್ತಿದ್ದರು. ಊರಿಗೆ ಬಂದ ವಿದ್ವಾಂಸರೊಬ್ಬರಿಗೆ ಅದು ಹಿಡಿಸದೆ, ಶಾಸ್ತ್ರಕ್ಕೆ ಪೆಟ್ರೋಲಿನ ವಾಸನೆ ಬಂದಿತೆಂದು ಆಕ್ಷೇಪಿಸಿದಾಗ, ಅಡುಗೆಮನೆಗೆ ಹೊಗೆಯ ವಾಸನೆಯಾದರೂ ಇಲ್ಲವೇ ಎಂದು ಕೇಳಿದರಂತೆ.

ಕಾರು ಕೋಸಗಿಯಲ್ಲಿ ಇನ್ನೂ ಕೆಲವು ವರ್ಷ ಇದ್ದಿತು. ಒಂದು ಸಲ ನಾನೂ ಸಣ್ಣ ಧಣಿಯೂ ಆದವಾನಿಯಿಂದ ಹಿಂದಿರುಗುತ್ತಿದ್ದಾಗ, ಹಿಂದೆ ಮುಂದೆ ಊರಿಲ್ಲದ ಎರೆಹೊಲಗಳ ನಡುವೆ ಇಂಜಿನ್ನು ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಧಣಿ ಬಾನೆಟ್ಟನ್ನು ಎತ್ತಲಿಲ್ಲ, ಪಾನದ ಚೀಲಕ್ಕೆ ಕೈಹಾಕಲಿಲ್ಲ. ಕೀಲಿಯನ್ನು ಒಮ್ಮೆ ತೆಗೆದು ಮತ್ತೆ ಹಾಕಿ ಕಿವಿಗೊಟ್ಟು ಕುಳಿತನು. ಪಂಪು ಟಿಕ್ ಟಿಕ್ಕೆಂದು ಬಡಿಯತೊಡಗಿತು. ನಿಂತೀತೆಂದು ನಾವಿಬ್ಬರೂ ಕಾದೆವು, ನಿಲ್ಲಲಿಲ್ಲ. ಟಿ.ಸಿ.ಗೆ ಪೆಟ್ರೋಲಿನ ಮಟ್ಟವನ್ನು ತೋರಿಸುವ ಮುಳ್ಳಿಲ್ಲ. ಕಡಿಮೆಯಾದಾಗ ಹತ್ತಬೇಕಾದ ಒಂದು ಸಣ್ಣ ದೀಪವುಂಟು, ಅದರ ಬಲ್ಬು ಯಾವಾಗಲೋ ಸುಟ್ಟುಹೋಗಿದ್ದಿತು. ಧಣಿ ಗಟ್ಟಿಯಾಗಿ ನಕ್ಕು, ಕೀಲಿ ತೆಗೆದು ಜೇಬಿಗಿಳಿಸಿ, ಕಾರಿನ ಪಕ್ಕದ ಮೆಟ್ಟಿಲಿನ ಮೇಲೆ ಕಾಲುಚಾಚಿ ಕುಳಿತು, ದೂರದಲ್ಲಿ ಬರುತ್ತಿದ್ದ ಹತ್ತಿಯ ಬಂಡಿಯವನನ್ನು ಕೂಗಿ, ಆದವಾನಿಯ ಪೆಟ್ರೋಲ್ ಬಂಕಿನಲ್ಲಿ ತನ್ನ ಹೆಸರು ಹೇಳಿ ಒಂದು ಡಬ್ಬಿ ಕಳುಹಿಸುವಂತೆ ಹೇಳಿದನು. ಬಂಡಿಯವನು ಎತ್ತುಗಳನ್ನು ನಿಲ್ಲಿಸಿ, ಕಾರನ್ನು ಸುತ್ತಲೂ ನೋಡಿ, ಡಬ್ಬಿಯ ಬಾಡಿಗೆಯನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಟನು.